ಹಳೇ ಠಾಣೆಯ ಗಾರೆ

2006ರ ಜೂನ್ 12, ಸೋಮವಾರ ಬೆಳಿಗ್ಗೆ ಎಂಜಿನಿಯರ್ ಸುಬ್ಬರಾಯ ಕಮಾನ್ ಗಲ್ಲಿ ಪೊಲೀಸ್ ಠಾಣೆಗೆ ಬಂದು, ಎದುರಿನ ಹಳೇ ಠಾಣೆಯ ಗೋಡೆ ಕಳುವಾಗಿದೆ ಎಂದು ದೂರು ಕೊಟ್ಟರು.

“ಇಡೀ ಗೋಡಿನೇನ್ರಿ?” ಇನ್ಸ್‌ಪೆಕ್ಟರ್ ಶಿವಾನಂದ ಕೇಳಿದರು.

“ಇಲ್ಲ ಸಾರ್. ಲಾಕಪ್ ಗೋಡೆಯ ಗಾರೆ. ಒಂದು ತಟ್ಟೆಯಗಲ.”

ಕಾನ್‌ಸ್ಟೆಬಲ್ ರಾಮಕೃಷ್ಣ ನಕ್ಕ. ಅಲ್ಲಿಂದ ಕಿಟಕಿ, ಬಾಗಿಲು, ಬಲ್ಬು ಎಲ್ಲ ಹೋದಾಗ ಯಾರೂ ದೂರು ಕೊಟ್ಟಿರಲಿಲ್ಲ. ನಿಜಾಮರ ಕಾಲದಲ್ಲಿ ಅದು ಕೊತ್ವಾಲರ ಕುದುರೆಲಾಯ. ಆಂಧ್ರಪ್ರದೇಶವಾಗುವ ಹೊತ್ತಿಗೆ ಠಾಣೆಯಾಗಿತ್ತು. ಕುದುರೆ ಕಟ್ಟುತ್ತಿದ್ದ ಕೋಣೆಗೆ ಸರಳು ಹಾಕಿ ಲಾಕಪ್ ಮಾಡಿದ್ದರು. ಠಾಣೆ ಹೊಸ ಕಟ್ಟಡಕ್ಕೆ ಬಂದ ಮೇಲೆ ಜಪ್ತಿಯಾದ ಸ್ಕೂಟರುಗಳು ಅಲ್ಲಿ ತುಕ್ಕು ಹಿಡಿದವು. ಈಗ ಅದಕ್ಕೆ ವಸ್ತುಸಂಗ್ರಹಾಲಯವಾಗುವ ಯೋಗ ಕೂಡಿಬಂದಿತ್ತು. ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು, ಹಾಗಾಗಿ ಒಂದು ತಟ್ಟೆ ಗಾರೆಗೂ ಎಫ್‌ಐಆರ್ ಆಯಿತು.

ಸ್ಥಳ ಪಂಚನಾಮೆಯಲ್ಲಿ ಕಂಡದ್ದಿಷ್ಟು. ಗಾರೆಯ ಮೇಲೆ ಮೈದಾ ಅಂಟಿನ ಬಟ್ಟೆ ಹಚ್ಚಿ, ಒಣಗಿಸಿ, ಪುಡಿಯಾಗದಂತೆ ಸುತ್ತ ಕೊರೆದು ಬಿಡಿಸಿದ್ದರು. ಭಾನುವಾರ ಕೆಲಸವಿರಲಿಲ್ಲ, ಕಾವಲುಗಾರನೂ ಬಂದಿರಲಿಲ್ಲ.

“ಅಲ್ಲಿ ಏನಿತ್ತು?”

“ಯಾರದೋ ಹೆಸರು ಸಾರ್, ಕನ್ನಡದಲ್ಲಿ. ಹೇಗೂ ಇವತ್ತು ಸುಣ್ಣ ಹೊಡೆಯೋರಿದ್ವಿ.” ಸುಬ್ಬರಾಯ ಕಾಮಗಾರಿಯ ಫೋಟೋ ತೋರಿಸಿದರು. ಮೊಳೆಯಿಂದ ಗೀಚಿದ ಅಕ್ಷರ: ಪ್ರಾಣೇಶ, ತಾರ್ನಾಕ, ೧೯೮೧.

“ಇದರ ಬಗ್ಗೆ ಯಾರಾದರೂ ಕೇಳಿದ್ರೇನ್ರಿ?”

“ಹೋದ ವಾರ ಜನರಿಗೆ ಕಟ್ಟಡ ತೋರಿಸಿದೆವು. ಒಬ್ಬ ಅಜ್ಜಿ ಈ ಗೋಡೆ ಮುಂದೇ ನಿಂತುಬಿಟ್ಟರು. ಸುಣ್ಣ ಹೊಡೀಬೇಡಿ ಅಂದರು. ನನ್ನ ಕೈಲೇನಿದೆ, ಅಂದೆ.”

ಸಂಜೆ ರಾಮಕೃಷ್ಣ ಹಳೇ ಕಡತ ಹುಡುಕಿ ತಂದ. 1981ರಲ್ಲಿ ತಾರ್ನಾಕ ಬಡಾವಣೆಯ ಯಮುನಾಬಾಯಿ, ಕಾಲೇಜು ಓದುವ ಮಗ ಪ್ರಾಣೇಶನನ್ನು ಪೊಲೀಸರು ಕರೆದೊಯ್ದರು, ಅವನು ಮರಳಲಿಲ್ಲ ಎಂದು ದೂರು ಕೊಟ್ಟಿದ್ದರು. ಅಂತಹವನನ್ನು ಠಾಣೆಗೆ ಕರೆತಂದೇ ಇಲ್ಲ ಎಂದು ವಿಚಾರಣೆ ಮುಗಿಸಿದ್ದರು. ರಾಮಕೃಷ್ಣ ಈ ಸಲ ನಗಲಿಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ ಶಿವಾನಂದರು ರಾಮಕೃಷ್ಣ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಜೊತೆ ತಾರ್ನಾಕಕ್ಕೆ ಹೋದರು. ಎಪ್ಪತ್ತು ದಾಟಿದ ಯಮುನಾಬಾಯಿ ಬಾಗಿಲು ತೆರೆದರು.

“ಬರ್ರಿ. ಭಾಳ ತಡಾ ಮಾಡಿದ್ರಿ.”

ಗಾರೆಯ ತುಂಡು ಮೇಜಿನ ಮೇಲೆ, ಹಿತ್ತಾಳೆಯ ಅಗಲ ಪರಾತದಲ್ಲಿತ್ತು. ಬಚ್ಚಿಡುವ ಗೋಜಿಗೇ ಅವರು ಹೋಗಿರಲಿಲ್ಲ.

“ನೀವ ಕೊರದ್ರೇನ್ರಿ, ಅಮ್ಮಾ?”

“ಹೌದ್ರಿ, ನಾನ.”

“ಫೋಟೋ ತಗೀಬೇಕಿತ್ತಲ್ರಿ.”

“ತಗಿಸಿದ್ದೆರಿ. ನಿಮ್ಮ ದೊಡ್ಡ ಸಾಹೇಬರ ಆಫೀಸಿಗೆ ಒಯ್ದು ಕೊಟ್ಟೆ. ಯಾವ ಗ್ವಾಡಿನೋ ಏನೋ, ಹೋಗ್ರಿ ಅಂದ್ರು.”

“ಅದಕ್ಕ ಕಳವು ಮಾಡೂದೇನ್ರಿ?”

“ಅರ್ಜಿ ಕೊಟ್ರ ನೀವು ಬರೂದಿಲ್ಲ. ಕಳವು ಮಾಡಿದ್ರ ಬರ್ತೀರಿ. ಇದು ಯಾವ ಗ್ವಾಡೀದು, ಮ್ಯಾಲೇನದ ಅಂತ ನೀವ ಬರೀಬೇಕಾಗ್ತದ.”

ಅವರ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತರಕಾರಿ ದರ ಹೇಳುವಂತೆ ಹೇಳಿದರು. ಶಿವಾನಂದರು ಹೊರಗೆ ಹೋಗಿ ಮೇಲಧಿಕಾರಿಗೆ ಫೋನ್ ಮಾಡಿದರು. ಹೆಸರು ಗಿಸರು ಬೇಡ, ‘ಗೀರು ಬಿದ್ದ ಗಾರೆಯ ತುಂಡು’ ಎಂದು ಬರೆದು ಮುಗಿಸಿ ಎಂದು ಅಪ್ಪಣೆಯಾಯಿತು. ಹೂಂ ಎಂದು ಫೋನ್ ಇಟ್ಟರು. ಹೀಗೆ ಹೂಂ ಎಂದೇ ಇಷ್ಟು ವರ್ಷದ ನೌಕರಿ ಸಾಗಿತ್ತು. ದುಃಖವೇನೂ ಆಗಲಿಲ್ಲ, ನಾಚಿಕೆಯಾಯಿತು.

ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕೂರಿಸಿದರು. ರಾಮಕೃಷ್ಣ ತೆಲುಗಿನಲ್ಲಿ ಜಪ್ತಿ ಪಂಚನಾಮೆ ಬರೆಯುತ್ತ ಹೋದ. ಗಾರೆಯ ತುಂಡು ಎಂದು ಬರೆದು, ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಯಮುನಾಬಾಯಿಯೂ ನೋಡಿದರು.

“ಹಳೇ ಠಾಣೆಯ ಲಾಕಪ್ ಗೋಡೆಯದು,” ಎಂದರು ಶಿವಾನಂದ. “ಮೇಲೆ ಪ್ರಾಣೇಶ, ತಾರ್ನಾಕ, 1981 ಎಂದು ಕನ್ನಡದಲ್ಲಿದೆ. ಬರಿ.”

ಬರೆದ. ಪಂಚರು ಸಹಿ ಹಾಕಿದರು, ಇನ್ಸ್‌ಪೆಕ್ಟರೂ ಹಾಕಿದರು.

“ನಿಮ್ಮನ್ನ ಅರೆಸ್ಟ್ ಮಾಡಬೇಕಾಕೈತ್ರಿ.”

“ಮಾಡ್ರಿ. ಬರದದ್ದು ಒಮ್ಮಿ ಓದಿ ಹೇಳ್ರಿ.”

ಶಿವಾನಂದರು ಕನ್ನಡದಲ್ಲಿ ಓದಿ ಹೇಳಿದರು.

“ಇನ್ನೊಮ್ಮಿ ಓದ್ರಿ.”

ಇನ್ನೊಮ್ಮೆ ಓದಿದರು. ಯಮುನಾಬಾಯಿ ಮನೆಗೆ ಬೀಗ ಹಾಕಿ ಜೀಪು ಹತ್ತಿದರು.

ಅಂದಿನ ಕೇಸ್ ಡೈರಿಯಲ್ಲಿ ಅಪರಾಧದ ಕಾರಣವನ್ನು ಶಿವಾನಂದರು ತಾವೇ ಬರೆದರು: ಮಗನನ್ನು ಈ ಠಾಣೆಗೆ ತಂದದ್ದು ನಿಜವೆಂದು ಪೊಲೀಸರಿಂದ ಬರೆಸಿಕೊಳ್ಳಲು ಆರೋಪಿಗೆ ಬೇರೆ ದಾರಿ ಇರಲಿಲ್ಲ.