ಯಾರೂ ಕೇಳಿ ಬಾರದ ತಂಬಿಗೆ

ಬೋರಕ್ಕ ಬಾವಿಯಲ್ಲಿ ಸತ್ತುಬಿದ್ದಿದ್ದಳು. ಮೊದಲು ನೋಡಿದವಳು ನಾನು.

ನಮ್ಮ ಅಂಗನವಾಡಿ ಇರುವುದು ಊರ ಮೆಟ್ಟಿಲುಬಾವಿಯ ಮಗ್ಗುಲಲ್ಲಿ. ಸೋಮವಾರ ಬೆಳಿಗ್ಗೆ ಬೀಗ ತೆಗೆಯಲು ಹೋದಾಗ ಬಾವಿಯ ಮೇಲಿನ ಮೆಟ್ಟಿಲಲ್ಲಿ ಅವಳ ಚಪ್ಪಲಿ ಕಂಡವು. ಜೋಡಿಯಾಗಿ, ಒಪ್ಪವಾಗಿ ಇಟ್ಟಿದ್ದವು. ಒಳಗೆ ಇಣುಕಿದೆ. ನೀಲಿ ಸೀರೆಯ ಸೆರಗು ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತ್ತು. ಮುಖ ನೀರಿನೊಳಗಿತ್ತು.

ಕೂಗಿಕೊಂಡೆ. ಓಣಿಗೆ ಓಣಿಯೇ ಓಡಿ ಬಂತು. ಸಿದ್ದಕ್ಕ ಉಟ್ಟ ಸೀರೆಯಲ್ಲೇ ನೀರಿಗಿಳಿದು ಅವಳನ್ನು ಮೇಲೆ ತಂದಳು. ಮೈ ತಣ್ಣಗಾಗಿತ್ತು. ಕಿವಿಯ ಮೇಲ್ಭಾಗದಲ್ಲಿ ತಲೆ ಒಡೆದಿತ್ತು.

ಹೆಣದ ಸೀರೆಯ ನೀರು ಇಳಿಯುವ ಮೊದಲೇ ಊರು ತೀರ್ಪು ಕೊಟ್ಟುಬಿಟ್ಟಿತು.

"ಈ ವಯಸ್ಸಲ್ಲಿ ಮುದುಕಿಗೆ ಈಜು ಯಾಕೆ ಬೇಕಿತ್ತು?"

"ಹಾವಾಡಿಸೋನಿಗೆ ಹಾವಿಂದಲೇ ಸಾವು, ಬಿಡ್ರಿ."

ಪಂಚಾಯ್ತಿ ಮೆಂಬರ್ ಎರ್ರಿಸ್ವಾಮಿ ಟವೆಲಿನಿಂದ ಕಣ್ಣೊರೆಸಿಕೊಂಡ. "ನೀರು ಯಾಕೆ ನಾರ್ತೈತೆ, ತಳ ನೋಡ್ತೀನಿ ಅಂತ ನಿನ್ನೆ ಎಲ್ಲರ ಮುಂದೆ ಅಂದಿದ್ಲು, ಇಳಿದವ್ಳೆ ಪಾಪ. ನಾನು ಬಡ್ಕಂಡೆ, ಬಾವಿ ಮುಚ್ಚಾಣ ಅಂತ. ಯಾರು ಕೇಳಿದ್ರಿ? ಮಣ್ಣು ನಾನೇ ಹೊಡಿಸ್ತೀನಿ, ತಿಥಿ ಆದ ಮಾರನೇ ದಿನ ಮುಚ್ಚೇಬಿಡಾಣ."

ಎಲ್ಲರೂ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

* * *

ಬೋರಕ್ಕ ಯಾರೆಂದು ಹೇಳದೆ ಮುಂದೆ ಹೋದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ನಮ್ಮ ಊರು ಸಿಂಗೇರಹಟ್ಟಿ, ಧರ್ಮಪುರದಿಂದ ಆಂಧ್ರದ ಗಡಿಯ ಕಡೆಗಿದೆ. ಸುತ್ತ ಶೇಂಗಾ ಹೊಲ, ಮಧ್ಯೆ ಊರಿಗೆಲ್ಲ ಈ ಒಂದು ಬಾವಿ. ಮಕ್ಕಳಿಲ್ಲದ, ಗಂಡ ಸತ್ತ ಬೋರಕ್ಕ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಆ ಬಾವಿಗೆ ಇಳಿಸಿದವಳು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳುತ್ತಿದ್ದಳು. "ಬಡಿಯೇ ಕಾಲು! ನೀರಿಗೂ ಹೆದರ್ತೀಯ, ಅತ್ತೆಗೂ ಹೆದರ್ತೀಯ, ಯಾವುದಾದ್ರೂ ಒಂದು ಬಿಡು!" ಎಂದು ದಡದಿಂದ ಗದರುತ್ತಿದ್ದಳು. ಸಿದ್ದಕ್ಕ ಅವಳ ಮೊದಲ ಶಿಷ್ಯೆ. ನಾನು ಕಲಿತದ್ದು ಮದುವೆಯಾಗಿ ಬಂದ ಮೇಲೆ. ಎರ್ರಿಸ್ವಾಮಿಯ ಹೆಂಡತಿ ಅನುಸೂಯ ಕಲಿತದ್ದೂ ಹಾಗೆಯೇ.

ಅರವತ್ತು ದಾಟಿದ ಮೇಲೆ ಟಿವಿಎಸ್ ಗಾಡಿ ಕಲಿತಳು. ಹಿಂದೆ ಶೇಂಗಾ ಮೂಟೆ ಹೇರಿಕೊಂಡು ಧರ್ಮಪುರದ ಸಂತೆಗೆ ಹೋಗುವಳು. ಒಂದು ಸಲ ಯಾರಿಗೂ ಹೇಳದೆ ಬಸ್ಸು ಹತ್ತಿ ಕಾರವಾರಕ್ಕೆ ಹೋದಳು. ಸಮುದ್ರದಲ್ಲಿ ಈಜಬೇಕಿತ್ತಂತೆ. ವಾಪಸು ಬಂದು ಹೇಳಿದ್ದು ಇಷ್ಟೇ: "ಬರೀ ಉಪ್ಪು ಕಣ್ರೇ. ನಮ್ಮ ಬಾವೀನೇ ವಾಸಿ."

ಇಂಥವಳನ್ನು ಅವಳ ಅಕ್ಕಪಕ್ಕದವರೇ 'ಬುದ್ಧಿಯಿಲ್ಲದ ಮುದುಕಿ' ಎಂದು ಮಣ್ಣು ಮಾಡಿ ಬಂದರು. ಮಾರನೇ ದಿನದಿಂದಲೇ ಬಾವಿಯ ಸುತ್ತ ಟ್ರ್ಯಾಕ್ಟರಿನಲ್ಲಿ ಮಣ್ಣು ಬಂದು ಬಿತ್ತು. ಮನೆಮನೆಯಲ್ಲೂ ಹುಡುಗಿಯರಿಗೆ ತಾಕೀತಾಯಿತು. ನೀರಿನ ಹತ್ತಿರ ಹೋದರೆ ಕಾಲು ಮುರಿಯುತ್ತೇವೆ ಎಂದು.

* * *

ಸೋಮವಾರ ಬಂದು ಹೆಣವನ್ನು ಪೋಸ್ಟ್‌ಮಾರ್ಟಂಗೆ ಕಳಿಸಿದ್ದ ಎಸ್.ಐ. ಅಂಜಲಿ ಬೆಂಗಳೂರಿನವರು. ನಲ್ಲಿ ನೀರಿನಲ್ಲಿ ಬೆಳೆದವರು. ಮಾತು ಕಡಿಮೆ, ಮೂಗಿನ ತುದಿಯಲ್ಲಿ ಕೋಪ. ಮಣ್ಣಾದ ಮೇಲೆ ನಾಲ್ಕಾರು ದಿನ ಬಿಟ್ಟು ಅವರು ಮತ್ತೆ ಬಂದಾಗ ಊರಿಗೇ ಆಶ್ಚರ್ಯ. ಸೀದಾ ನನ್ನ ಅಂಗನವಾಡಿಗೆ ಬಂದು ಮಕ್ಕಳ ಚಾಪೆಯ ಮೇಲೆ ಕುಳಿತರು.

"ಟೀಚರ್, ಪೋಸ್ಟ್‌ಮಾರ್ಟಂ ವರದಿ ಬಂತು. ತಲೆಗೆ ಪೆಟ್ಟು ಬಿದ್ದಿದೆ. ಆದರೆ ಸತ್ತದ್ದು ನೀರು ಕುಡಿದು. ಕಾಲು ಜಾರಿರಬಹುದು, ಯಾರೋ ತಳ್ಳಿರಬಹುದು. ಅಜ್ಜಿಗೆ ಆಗದವರು ಯಾರು?"

ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳುತ್ತಿದ್ದರು. ಗಂಗಮ್ಮನ ಗುಡಿಯ ಪೂಜಾರಿ ಕೆಂಚಣ್ಣ. ಹೆಂಗಸರು ದೇವಿಯ ಬಾವಿಯಲ್ಲಿ ಈಜಬಾರದೆಂದು ಮೂವತ್ತು ವರ್ಷ ಬೋರಕ್ಕನ ಜೊತೆ ಜಗಳವಾಡಿದವನು. "ಒಂದು ದಿನ ಗಂಗಮ್ಮನೇ ನಿನ್ನ ನುಂಗ್ತಾಳೆ" ಎಂದು ಹೋದ ತಿಂಗಳು ತಾನೇ ಎಲ್ಲರೆದುರು ಶಾಪ ಹಾಕಿದ್ದ.

ಅಂಜಲಿ ಅವನನ್ನು ಗುಡಿಯ ಕಟ್ಟೆಯ ಮೇಲೆಯೇ ವಿಚಾರಿಸಿದರು. ನಾನು ಜೊತೆಗಿದ್ದೆ.

"ಅವತ್ತು ಬೆಳಿಗ್ಗೆ ಎಲ್ಲಿದ್ದೆ?"

"ಧರ್ಮಪುರದಾಗೆ, ಮಗಳ ಮನೇಲಿ. ಮಧ್ಯಾಹ್ನದ ಬಸ್ಸಿಗೆ ಬಂದೆ. ಕಂಡಕ್ಟರ್‌ನ ಕೇಳ್ರಿ."

"ಶಾಪ ಹಾಕಿದ್ದು ನಿಜ ತಾನೇ?"

"ಹಾಕಿದೆ. ದಿನಾ ಹಾಕ್ತಿದ್ದೆ. ಅವಳೂ ದಿನಾ ಬೈತಿದ್ಲು." ಮುದುಕ ಬಾವಿಯ ಕಡೆ ತಿರುಗಿದ. "ಇನ್ನು ಯಾರ ಜೊತೆ ಜಗಳ ಆಡ್ಲಿ, ಹೇಳ್ರಿ ಮೇಡಂ?"

ಅಂಜಲಿ ಎದ್ದು ನಿಂತರು. ಹೊರಡುವ ಮುನ್ನ ಸುಮ್ಮನೆ ಕೇಳಿದಂತೆ ಕೇಳಿದರು, "ಅಜ್ಜಿ ಎಲೆ ಅಡಿಕೆ ಜಾಸ್ತಿ ಹಾಕುತ್ತಿದ್ದರಾ? ದವಡೆಯಲ್ಲಿ ಒಂದು ಮುದ್ದೆ ಹಾಗೇ ಇತ್ತಂತೆ."

ಕೆಂಚಣ್ಣ ಗಕ್ಕನೆ ತಲೆಯೆತ್ತಿದ. "ಏನಂದ್ರಿ? ಬಾಯಾಗೆ ಎಲೆ ಅಡಿಕೆ ಇತ್ತಾ?"

"ಯಾಕೆ?"

"ಹಂಗಾದ್ರೆ ಅವಳಾಗೇ ನೀರಿಗೆ ಇಳಿದಿಲ್ಲ. ಸುಳ್ಳು! ನಂಗೂ ಅವಳಿಗೂ ಒಂದು ರಾಜಿ ಆಗಿತ್ತು. ಈಜಿದ್ರೆ ಈಜ್ಕಳ್ರಿ, ಎಂಜಲು ಬಾಯಿ ಗಂಗಮ್ಮಂಗೆ ಮುಟ್ಟಿಸಬ್ಯಾಡ್ರಿ ಅಂದಿದ್ದೆ. ಅವತ್ತಿಂದ ಬಾಯಿ ಮುಕ್ಕಳಿಸದೆ ಒಂದು ದಿನ ಇಳಿದೋಳಲ್ಲ ಅವಳು."

ನಿಜ. ನಮಗೆಲ್ಲ ಮೊದಲ ಪಾಠವೇ ಅದಾಗಿತ್ತು. ಮೇಲಿನ ಮೆಟ್ಟಿಲಲ್ಲೇ ಬಾಯಿ ಮುಕ್ಕಳಿಸಿದ ಮೇಲೆಯೇ ನೀರು. ಮೂವತ್ತು ವರ್ಷ ಹಗೆ ಸಾಧಿಸಿದ ಮುದುಕನಿಗೆ ಹೊಳೆದದ್ದು ಪ್ರೀತಿಯ ನೆರೆಯವರಾದ ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಕ್ಕೆ ನಾವು ಕೇಳಿದ್ದಾದರೂ ಏನು? ಮುದುಕಿ ಜಾರಿ ಬಿದ್ದಳು ಎಂದೊಡನೆ ಊಟಕ್ಕೆ ಹೋಗಿದ್ದೆವು.

* * *

ಬೋರಕ್ಕ ಮನೆಗೆ ಬೀಗ ಹಾಕುವವಳಲ್ಲ. ಅಂಜಲಿ ಒಳಗೆಲ್ಲ ನೋಡಿದರು. ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಕಬ್ಬಿಣದ ಕೊಕ್ಕೆಗಳ ಗೊಂಚಲಿನ ಮುಂದೆ ನಿಂತರು.

"ಇದೇನು?"

"ಪಾತಾಳ ಗರಡಿ, ಮೇಡಂ. ಬಾವಿಗೆ ಬಿದ್ದ ಕೊಡ, ಬಕೆಟ್ಟು ಎತ್ತುವುದಕ್ಕೆ. ಹಗ್ಗ ಕಟ್ಟಿ ಬಿಟ್ಟು ತಳದಲ್ಲಿ ಆಡಿಸುತ್ತಾರೆ. ಊರಿಗೆಲ್ಲ ಇದೊಂದೇ."

ಅವರು ಕೊಕ್ಕೆಯ ತುದಿಯಿಂದ ಏನನ್ನೋ ಬಿಡಿಸಿದರು. ಗೋಣಿಚೀಲದ ನಾರು. ಮೂಸಿದರು. ಮುಖ ಕಿವುಚಿದರು. ಯುಗಾದಿಯ ನಂತರ ಬಾವಿಯ ನೀರಿಗೆ ಬಂದಿದ್ದ ಅದೇ ಕೊಳೆತ ನಾತ.

"ಕೊಡ ಎತ್ತಿದರೆ ಗೋಣಿನಾರು ಯಾಕೆ ಬರುತ್ತೆ? ಇದನ್ನು ಕೊನೆಗೆ ಒಯ್ದವರು ಯಾರು?"

"ಗೊತ್ತಿಲ್ಲ. ಅವಳು ಸಾಯುವ ಹಿಂದಿನ ದಿನ, ಭಾನುವಾರ, ನಾನು ಹಿರಿಯೂರಿನಲ್ಲಿದ್ದೆ. ಆದರೆ ಒಯ್ದವರು ಒತ್ತೆ ಇಟ್ಟೇ ಒಯ್ದಿರುತ್ತಾರೆ."

"ಒತ್ತೆ?"

"ಗರಡಿಯನ್ನು ಬರಿಗೈಗೆ ಕೊಡುವುದಿಲ್ಲ, ಮೇಡಂ. ಕೊಟ್ಟರೆ ಬಾವಿ ಇನ್ನೊಂದು ಕೊಡ ಕೇಳುತ್ತದಂತೆ. ಚೊಂಬೋ ತಂಬಿಗೆಯೋ ಇಟ್ಟು ಒಯ್ಯಬೇಕು. ಗರಡಿ ತಂದುಕೊಟ್ಟು ಅದನ್ನು ಬಿಡಿಸಿಕೊಳ್ಳಬೇಕು."

ಹೇಳುತ್ತಲೇ ನನ್ನ ಕಣ್ಣು ಪಾತ್ರೆಯ ಹಲಗೆಗೆ ಹೋಯಿತು. ಬೋರಕ್ಕನ ಪಾತ್ರೆಗಳ ಸಾಲಿನಲ್ಲಿ ಅವಳದಲ್ಲದ ಒಂದು ಹಿತ್ತಾಳೆ ತಂಬಿಗೆ ಇತ್ತು. ತಳಕ್ಕೆ ಬೆಸುಗೆಯ ತೇಪೆ ಹಾಕಿತ್ತು.

ಅಂಜಲಿ ಗೂಟವನ್ನು ನೋಡಿದರು, ಹಲಗೆಯನ್ನು ನೋಡಿದರು.

"ಗರಡಿ ವಾಪಸು ಬಂದಿದೆ. ಒತ್ತೆ ಇಲ್ಲೇ ಇದೆ. ತಂಬಿಗೆ ಬಿಟ್ಟು ಹೋಗುವವರು ಉಂಟಾ ನಿಮ್ಮೂರಲ್ಲಿ?"

"ಸಾಧ್ಯವೇ ಇಲ್ಲ."

"ಹಾಗಾದರೆ ಇದನ್ನು ತಂದು ತೂಗುಹಾಕುವಾಗ ಮನೆಯಲ್ಲಿ ಬೋರಕ್ಕ ಇರಲಿಲ್ಲ. ತಂದವನಿಗೆ ತನ್ನ ತಂಬಿಗೆ ಯಾವುದೆಂದು ಗೊತ್ತಿರಲಿಲ್ಲ."

"ಬಾವಿಗೆ ಇಳಿದು ಆ ಗೋಣಿ ಎತ್ತಿಸೋಣವೇ?" ಎಂದೆ.

"ಬೇಡ. ಈಗಲೇ ಎತ್ತಿದರೆ ತಂಬಿಗೆಯವರು ಬಾಯಿ ಬಿಡುವುದಿಲ್ಲ. ತಿಥಿಗೆ ಊರೆಲ್ಲ ಸೇರುತ್ತದಲ್ಲ?"

* * *

ತಿಥಿಯ ಊಟ ಮುಗಿಯಿತು. ಚಪ್ಪರದ ಕೆಳಗೆ ಕುಳಿತು ಊರು ಬೋರಕ್ಕನನ್ನು ನೆನೆಯಿತು. ಗಾಡಿಯ ಕಥೆ, ಕಾರವಾರದ ಕಥೆ. ಎರ್ರಿಸ್ವಾಮಿ ಎದ್ದು ನಿಂತು, "ನಮ್ಮವ್ವ ಇದ್ದಂಗೆ ಇದ್ಲು. ಬಾವಿ ಮುಚ್ಚಿದ ಜಾಗದಾಗೆ ನಾನು ಕಟ್ಟೋ ಅಂಗಡಿ ಸಾಲಿಗೆ ಅವಳ ಹೆಸರೇ ಇಡಾಣ" ಎಂದ. ಜನ ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಚ್ಚಿ ಕುಳಿತೆ.

ಅಂಜಲಿ ಮುಂದೆ ಬಂದು ತಂಬಿಗೆಯನ್ನು ಎಲ್ಲರ ನಡುವೆ ಇಟ್ಟರು.

"ಇದು ಯಾರದು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೋರಕ್ಕನದೇ ಇರಬೇಕು ಬಿಡ್ರಿ ಮೇಡಂ," ಎಂದ ಎರ್ರಿಸ್ವಾಮಿ. "ಹಳೇ ತಂಬಿಗೆ."

ಅನುಸೂಯ ಹಿಂದಿನ ಸಾಲಿನಲ್ಲಿದ್ದಳು. ಬೋರಕ್ಕ ಸತ್ತಾಗಿನಿಂದ ಅವಳು ಯಾರ ಜೊತೆಗೂ ಮಾತಾಡಿರಲಿಲ್ಲ. ಎದ್ದಳು. ಗಂಡ ಅವಳತ್ತ ನೋಡಿ ಹುಬ್ಬು ಗಂಟಿಕ್ಕಿದ. ಅವಳು ಕುಳಿತುಕೊಳ್ಳಲಿಲ್ಲ.

"ಆ ತಂಬಿಗೆ ನಂದು. ನನ್ನ ತವರಿಂದ ಬಂದಿದ್ದು. ಮದುವೆ ಆದಾಗಿಂದ ಅದ್ರಾಗೇ ನೀರು ಕುಡಿದೀಯ." ಅವಳು ಗಂಡನಿಗೆ ಬೆರಳು ತೋರಿದಳು. "ದಿನಾ ನಾನೇ ತುಂಬಿ ಕೈಗೆ ಕೊಟ್ಟೀನಿ. ಗುರ್ತು ಹತ್ತಲಿಲ್ವಾ ನಿಂಗೆ?"

"ಲೇ, ಸುಮ್ನೆ ಕುಂತ್ಕ!"

"ಕುಂತ್ಕಳಲ್ಲ! ಭಾನುವಾರ ಸಂಜೆ ಗರಡಿ ಇಸ್ಕಂಡು ಬಾ, ತೋಟದ ಬಾವಿಗೆ ಬಕೆಟ್ ಬಿದ್ದೈತೆ ಅಂದೆ ನೀನು. ನಾನು ಈ ತಂಬಿಗೆ ಇಟ್ಟು ಇಸ್ಕಂಡು ಬಂದೆ. ಬೆಳಗಿನ ಜಾವ ನೀನು ತಗಂಡು ಹೋದೆ. ವಾಪಸ್ ಬಂದು ಬೋರಕ್ಕನ ಕೈಗೇ ಕೊಟ್ಟೆ ಅಂದೆ. ಕೈಗೆ ಕೊಟ್ಟಿದ್ರೆ ಅವಳು ತಂಬಿಗೆ ಕೊಡದೆ ಕಳಿಸ್ತಿದ್ಲಾ? ಕೇಳಿದ್ದಕ್ಕೆ ಪೊಲೀಸ್ರ ಹತ್ರ ಬಾಯಿ ಬಿಟ್ರೆ ಕೊಂದು ಹಾಕ್ತೀನಿ ಅಂದೆ. ಈಗ ಕೊಲ್ಲು. ಎಲ್ಲರ ಮುಂದೆ ಕೊಲ್ಲು!"

ಎರ್ರಿಸ್ವಾಮಿ ಅವಳ ಮೇಲೆ ಕೈ ಎತ್ತಿದ. ಕಾನ್‌ಸ್ಟೇಬಲ್ ಆ ಕೈಯನ್ನು ಹಿಡಿದು ಬೆನ್ನ ಹಿಂದಕ್ಕೆ ತಿರುವಿದ.

"ಸಿದ್ದಕ್ಕ, ಇಳಿಯುತ್ತೀರಾ?" ಎಂದರು ಅಂಜಲಿ.

ಚಪ್ಪರವೆಲ್ಲ ಬಾವಿಗೆ ನಡೆಯಿತು. ಸಿದ್ದಕ್ಕ ಬಾಯಿ ಮುಕ್ಕಳಿಸಿ, ಸೀರೆಯನ್ನು ಕಚ್ಚೆ ಕಟ್ಟಿ, ಹಗ್ಗದ ತುದಿ ಹಿಡಿದು ಮುಳುಗಿದಳು. ಎರಡು ಸಲ ಬರಿಗೈಯಲ್ಲಿ ಮೇಲೆ ಬಂದಳು. ಮೂರನೆಯ ಸಲ ಹಗ್ಗ ಎಳೆಯಲು ಸನ್ನೆ ಮಾಡಿದಳು. ಬಂದದ್ದು ಕಲ್ಲು ಕಟ್ಟಿದ ಗೋಣಿಚೀಲ. ಅದರೊಳಗೆ ಸತ್ತು ಕೊಳೆತ ನಾಯಿ.

"ಯುಗಾದಿಯಿಂದ ನಿಮ್ಮ ನೀರು ಕೆಡಿಸಿದ್ದು ಇದು," ಎಂದರು ಅಂಜಲಿ. "ನೀರು ನಾರಿದರೆ ಬಾವಿ ಮುಚ್ಚಲು ನೀವೇ ಒಪ್ಪುತ್ತೀರಿ. ಆ ಜಾಗದಲ್ಲಿ ಎರ್ರಿಸ್ವಾಮಿಯವರ ಅಂಗಡಿ ಸಾಲು ಏಳುತ್ತದೆ. ಅದಕ್ಕೇ ಇವರು ಈ ಮೂಟೆ ಮುಳುಗಿಸಿದ್ದು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಭಾನುವಾರ ಬೋರಕ್ಕ ನಾಳೆ ತಳ ನೋಡುತ್ತೇನೆ ಎಂದುಬಿಟ್ಟರು. ಅದಕ್ಕೂ ಮೊದಲೇ ಮೂಟೆ ಎತ್ತಬೇಕು. ಇವರಿಗೆ ಈಜು ಬಾರದು. ಗರಡಿಯೇ ಗತಿ. ಬೆಳಗಿನ ಜಾವ ಗರಡಿ ಆಡಿಸುವಾಗ ಎಲೆ ಅಡಿಕೆ ಜಗಿಯುತ್ತಾ ಅಜ್ಜಿ ಬಂದರು." ಅವರು ಎರ್ರಿಸ್ವಾಮಿಯ ಕಡೆ ತಿರುಗಿದರು. "ಚಪ್ಪಲಿ ಬಿಡುವುದಕ್ಕೂ ಬಿಡುವು ಕೊಡಲಿಲ್ಲ ನೀವು. ಆಮೇಲೆ ಕಾಲಿಂದ ಕಳಚಿಬಿದ್ದ ಅವನ್ನು ನೀವೇ ಜೋಡಿಸಿಟ್ಟಿರಿ. ಗರಡಿಯನ್ನು ಗೂಟಕ್ಕೆ ಹಾಕಿದಿರಿ. ಹಲಗೆಯ ಮೇಲೆ ಅಷ್ಟು ತಂಬಿಗೆ, ಚೊಂಬು. ಯಾವುದು ನಿಮ್ಮದು? ತಪ್ಪಾದದ್ದನ್ನು ತೆಗೆದುಕೊಂಡು ಹೋದರೆ ಹೆಂಡತಿಗೆ ತಿಳಿಯುತ್ತದೆ. ಬಿಟ್ಟು ಹೋದಿರಿ."

ಎರ್ರಿಸ್ವಾಮಿ ನೆಲ ನೋಡುತ್ತಾ ಗೊಣಗಿದ, "ಸುಮ್ನೆ ತಳ್ಳಿದ್ದು. ಅವಳು ಕೂಗಾಡಾಕೆ ಶುರು ಮಾಡಿದ್ಲು. ತಲೆ ಕಲ್ಲಿಗೆ ಬಡೀತು. ಸಾಯ್ತಾಳೆ ಅಂತ ಅಂದ್ಕಂಡಿರಲಿಲ್ಲ."

"ಸತ್ತದ್ದು ಪೆಟ್ಟಿನಿಂದಲ್ಲ," ಎಂದರು ಅಂಜಲಿ. "ಬಿದ್ದಾಗ ಜೀವವಿತ್ತು. ನೀರು ಕುಡಿದು ಸತ್ತರು. ನೀವು ನಿಂತು ನೋಡಿದಿರಿ."

ಅಲ್ಲಿಯವರೆಗೂ ತಡೆದುಕೊಂಡಿದ್ದೆ. ಇನ್ನಾಗಲಿಲ್ಲ.

"ನಿನಗೆ ಈಜು ಬರಲ್ಲ, ಸರಿ. ಕೂಗೋಕೂ ಬರಲ್ವೇನೋ?" ಎಂದೆ. "ಒಂದೇ ಒಂದು ಸಲ ಕೂಗಿದ್ರೆ ಸಾಕಿತ್ತು. ಈ ಓಣೀಲಿ ಈಜು ಬರದ ಹೆಂಗಸು ಒಬ್ಳಾದ್ರೂ ಇದಾಳೇನೋ? ಅವಳೇ ಕಲಿಸಿದ್ದಲ್ವೇನೋ ನಮಗೆಲ್ಲ!"

ಚಪ್ಪಾಳೆ ತಟ್ಟಿದ್ದ ಗಂಡಸರೂ ನೆಲ ನೋಡುತ್ತಿದ್ದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

* * *

ಬಾವಿಯ ಸುತ್ತ ಬಿದ್ದಿದ್ದ ಮಣ್ಣನ್ನು ಹೆಂಗಸರೇ ಪುಟ್ಟಿಯಲ್ಲಿ ಹೊತ್ತು ಗುಂಡಿಬಿದ್ದ ರಸ್ತೆಗೆ ಸುರಿದರು. ಮೋಟಾರು ಹಾಕಿ ನೀರು ಖಾಲಿ ಮಾಡಿಸಿ ತಳ ತೊಳೆದರು. ತಂಬಿಗೆ ಕೋರ್ಟಿಗೆ ಹೋಯಿತು. ಗರಡಿಯನ್ನು ಅನುಸೂಯ ಕೇಳಿ ಪಡೆದಳು. ಈಗ ಅದು ಅವಳ ಮನೆಯ ಗೂಟದ ಮೇಲಿದೆ. ಒತ್ತೆ ಇಡದೆ ಅವಳೂ ಯಾರಿಗೂ ಕೊಡುವುದಿಲ್ಲ.

ಮತ್ತೆ ನೀರು ಬಂದ ದಿನ ಸಿದ್ದಕ್ಕ ಓಣಿಯ ಹುಡುಗಿಯರನ್ನು ಸೋರೆಬುರುಡೆ ಕಟ್ಟಿ ಕರೆತಂದಳು. ಕೆಂಚಣ್ಣ ಗುಡಿಯ ಕಟ್ಟೆಯಿಂದ ಕೋಲೂರಿಕೊಂಡು ಇಳಿದು ಬಂದ. ಜಗಳಕ್ಕೇ ಬಂದ ಎಂದುಕೊಂಡು ಹುಡುಗಿಯರು ಹಿಂದೆ ಸರಿದರು.

ಅವನು ಮೇಲಿನ ಮೆಟ್ಟಿಲಿನ ಮೇಲೆ, ಬೋರಕ್ಕ ಕೂರುತ್ತಿದ್ದ ಜಾಗದಲ್ಲೇ ಕುಳಿತ. ನೀರು ತುಂಬಿದ ಚೊಂಬನ್ನು ಮುಂದಕ್ಕೆ ಸರಿಸಿದ.

"ಏನ್ ನೋಡ್ತೀರೇ? ಬಾಯಿ ಮುಕ್ಕಳಿಸಿ ಇಳೀರಿ!" ಎಂದು ಗದರಿದ.