ಕೂಡದ ಲಾಮೆದ್

ಇದನ್ನು ಯಾರಿಗೂ ನಂಬಿಸುವ ಹಟ ನನಗಿಲ್ಲ. ಹೀಬ್ರೂ ಕಲಿಯುವಾಗ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದು ಬೇಸತ್ತು, ಹೀಬ್ರೂ, ಅರಾಮಿಕ್ ಎರಡಕ್ಕೂ ಒಗ್ಗುವಂತೆ, ಕೈ ಎತ್ತದೆ ಬರೆಯುವ ಹೊಸ ಲಿಪಿಯೊಂದನ್ನು ಜಾನ್ಸನ್‌ವಿಲ್‌ನ ನಮ್ಮ ಮನೆಯಲ್ಲಿ ಕೂತು ರೂಪಿಸುತ್ತಿದ್ದೆ. ಇಪ್ಪತ್ತೊಂದು ಅಕ್ಷರ ಮುಗಿದವು. ಉಳಿದ ಒಂದು, ಲಾಮೆದ್, ಪಕ್ಕದ ಅಕ್ಷರಕ್ಕೆ ಕೂಡದೆ ಎಂಟು ತಿಂಗಳು ನನ್ನ ತಲೆ ತಿಂದಿತು.

ಒಂದು ಶನಿವಾರ ಬೆಳಿಗ್ಗೆ ಸಿಟ್ಟಿನಲ್ಲಿ ಹಳೆಯ ನೋಟ್‌ಬುಕ್ಕನ್ನು ಹರಿದೆಸೆದು, ಅಂಗಡಿಯಿಂದ ಹೊಸದು ತಂದೆ. ಹೀಟರ್ ಪಕ್ಕ ಕೂತು ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಪುಸ್ತಕ ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು. ರೂಢಿಯಂತೆ ಮೊದಲ ಪುಟದ ಮೇಲೆ ‘ಶ್ರೀ’ ಬರೆಯಲು ಹೋದೆ. ಅಲ್ಲಿ ಆಗಲೇ ‘ಶ್ರೀ’ ಇತ್ತು, ನನ್ನದೇ ಕೈಬರಹದಲ್ಲಿ. ಅದರ ಕೆಳಗೆ ನನ್ನ ಲಿಪಿಯ ಇಪ್ಪತ್ತೆರಡೂ ಅಕ್ಷರಗಳಿದ್ದವು. ಬೆರಳಿಗೆ ಹಸಿ ಶಾಯಿ ಅಂಟಿತು.

“ಕಾತ್ಯಾಯಿನಿ, ಇದನ್ನ ನೀನೇನಾದ್ರೂ ಮುಟ್ಟಿದ್ಯಾ?” ಎಂದು ಹೆಂಡತಿಯನ್ನು ಕೇಳಿದೆ.

“ಕವರ್ ಈಗ ನನ್ನೆದುರಿಗೇ ಬಿಚ್ಚಿದ್ರಲ್ಲ. ನಿಮ್ಮ ಆ ಲಿಪಿ ನಂಗೆಲ್ಲಿ ಬರುತ್ತೆ ರೀ?” ಎಂದಳು.

ಆ ಲಿಪಿಯನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಪುಸ್ತಕ ಮುಚ್ಚಿದೆ. ಒಳಗೆ ನಿಬ್ಬು ಕಾಗದವನ್ನು ಕೆರೆಯುವ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಲೇ ಇತ್ತು. ಕಾತ್ಯಾಯಿನಿ ಎದ್ದು ಟಿವಿ ಹಾಕಿದಳು.

ನನಗೆ ಹೆದರಿಕೆಗಿಂತ ಹೊಟ್ಟೆಯುರಿಯೇ ಹೆಚ್ಚು. ಆ ಪುಟದ ಲಾಮೆದ್ ಎರಡೂ ಕಡೆ ಸಲೀಸಾಗಿ ಕೂಡುತ್ತದೆ. ಅದನ್ನು ನೋಡಿಕೊಂಡು ಬರೆದರೂ ನನ್ನ ಕೈಗೆ ಬರುತ್ತಿಲ್ಲ. ವರ್ಷವಾಯಿತು. ಶಾಯಿ ಇನ್ನೂ ಒಣಗಿಲ್ಲ.