ಮೀಸೆಯಪ್ಪನನ್ನು ಕಚ್ಚಿದವರು ಯಾರು?

ಸೋಮವಾರ ಬೆಳಿಗ್ಗೆ ಸಂಶೋಧನಾಲಯದ ಇಲಿಮನೆಗೆ ಅದರ ಪಾಲಕ ಕಾಲಿಟ್ಟಾಗ ಮೀಸೆಯಪ್ಪ ಸತ್ತು ಬಿದ್ದಿದ್ದ. ಆರು ಬಿಳಿ ಗಂಡಿಲಿಗಳಲ್ಲಿ ಅವನೇ ಹಿರಿಯ. ಪಾಲಕನ ಕೈಯಲ್ಲೇ ಬೆಳೆದವನು.

ಆ ಉದ್ದನೆಯ ಪಂಜರದ ನಡುವೆ ಒಂದು ಹಲಗೆ. ಈಚೆ ಇಲಿಗಳು, ಆಚೆ ಒಂಟಿ ಹೆಗ್ಗಣ. ಹಲಗೆ ಸ್ವಲ್ಪ ಮೇಲೆದ್ದಿದ್ದುದು ಸುದ್ದಿ ಕೇಳಿ ಬಂದ ಸಂಶೋಧನಾಲಯದ ಮುಖ್ಯಸ್ಥರ ಕಣ್ಣಿಗೆ ಬಿತ್ತು.

"ಶನಿವಾರ ನೀನು ಹಲಗೆ ಸರಿಯಾಗಿ ಇಳಿಸಿಲ್ಲ. ಹೆಗ್ಗಣ ನುಗ್ಗಿ ಕೊಂದಿದೆ. ನಾಳೆಯಿಂದ ಬರೋದು ಬೇಡ!"

ಇಪ್ಪತ್ತು ವರ್ಷದ ಕೆಲಸ. ಪಾಲಕ ನೇರ ಮಹಡಿ ಹತ್ತಿ, ಅಲ್ಲೇ ವಾಸವಾಗಿದ್ದ ಮುದಿ ಪಶುವೈದ್ಯೆಯನ್ನು ಕರೆತಂದ. ಆ ಕಟ್ಟಡದಲ್ಲಿ ಏನೇ ಕಳೆದರೂ ಕೆಟ್ಟರೂ ಅವರೇ ಪತ್ತೇದಾರರು.

"ಡಾಕ್ಟ್ರಮ್ಮ, ನನ್ನ ತಪ್ಪಿದ್ರೆ ಹೇಳ್ಬಿಡಿ, ಹೋಗ್ತೀನಿ."

"ಸುಮ್ನಿರಪ್ಪ. ಅಳೋಕೆ ಆಮೇಲೂ ಪುರುಸೊತ್ತಿದೆ."

ಭೂತಗನ್ನಡಿ ಹಿಡಿದು ನೋಡಿದರು. ಗಾಯಗಳೆಲ್ಲ ಸೊಂಟದಲ್ಲಿ, ಬಾಲದ ಬುಡದಲ್ಲಿ. ಕುತ್ತಿಗೆಯಲ್ಲಿ ಒಂದು ಗೀರೂ ಇಲ್ಲ.

"ಪಂಜರಕ್ಕೆ ಹಾಸೋ ಹೊಟ್ಟು ಯಾವಾಗ ಬದಲಾಯಿಸಿದೆ?"

"ಗುರುವಾರ. ಹಳೇ ಗೂಡಿಂದ ಒಂದು ಹಿಡಿ ಯಾವಾಗ್ಲೂ ಉಳಿಸ್ತೀನಮ್ಮ."

ಅವರು ಪಂಜರ ಮೂಸಿದರು. ಸಾಬೂನಿನ ವಾಸನೆ. ಮರದ ಹೊಟ್ಟು ಹೊಚ್ಚಹೊಸದು. ಹಳೆಯ ಗೂಡಿನ ಚೂರೂ ಇರಲಿಲ್ಲ.

ಸಂಜೆ ಮೂವರೂ ಪಂಜರದ ಮುಂದೆ ಕೂತರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ ಸಾರ್," ಎಂದರು ವೈದ್ಯೆ. "ಹೆಗ್ಗಣ ಇಲಿಯನ್ನ ಕೊಲ್ಲೋದು ಕುತ್ತಿಗೆ ಕಚ್ಚಿ. ಸೊಂಟ, ಬಾಲ ಕಚ್ಚೋದು ಗಂಡಿಲಿಗಳ ಒಳಜಗಳದಲ್ಲಿ. ಕಚ್ಚಿದ್ದು ಜೊತೆಗಿದ್ದವರೇ."

"ಇಷ್ಟು ದಿನ ಹೊಂದಿಕೊಂಡೇ ಇದ್ವಲ್ಲ?" ಎಂದರು ಮುಖ್ಯಸ್ಥರು.

"ಗೂಡಿನ ವಾಸನೆ ಇದ್ರೆ ಮನೆಯವರು ಯಾರು ಅಂತ ಗುರುತಿರುತ್ತೆ. ಅದನ್ನ ಪೂರ್ತಿ ತೊಳೆದ್ರೆ ಯಜಮಾನಿಕೆ ಜಗಳ ಮೊದಲಿಂದ ಶುರು. ಗುರುವಾರದ ಹೊಟ್ಟು ಇಷ್ಟು ಬೆಳ್ಳಗಿರಲ್ಲ. ತೊಳೆದದ್ದು ನಿನ್ನೆ. ನಿನ್ನೆ ಇವನಿಗೆ ರಜೆ. ಇನ್ನೊಂದು ಬೀಗದ ಕೈ ನಿಮ್ಮ ಹತ್ರ ಅಲ್ವಾ?"

ಮುಖ್ಯಸ್ಥರು ತಲೆ ತಗ್ಗಿಸಿದರು. "ಇವತ್ತು ಅತಿಥಿಗಳು ಬರೋರಿದ್ರು. ನಾರ್ತಾ ಇದೆ ಅಂತ ನಾನೇ ತೊಳೆದೆ. ಹಲಗೆ ಎತ್ತಿದ್ದೂ ನಾನೇ. ತಪ್ಪಾಯ್ತಪ್ಪ, ಕೆಲಸ ಬಿಟ್ಟು ಹೋಗ್ಬೇಡ."

"ನೀವು ಪೊರಕೆ ಮುಟ್ಟಲ್ಲ ಅಂದ್ರೆ ಇರ್ತೀನಿ ಸಾರ್!"

ಮೂವರೂ ನಕ್ಕರು. ಪಾಲಕ ಐದೂ ಇಲಿಗಳನ್ನು ಬೇರೆ ಬೇರೆ ಪಂಜರಕ್ಕೆ ಬಿಟ್ಟ. ಬಳಿಕ ಹಿತ್ತಲ ಮರದಡಿ ಗೇಣುದ್ದದ ಗುಳಿ ತೋಡಿ, ಮೀಸೆಯಪ್ಪನನ್ನು ಮಲಗಿಸಿ, ಮಣ್ಣು ಮುಚ್ಚಿ, ಕೈಮುಗಿದ.

"ದೇವರೇ, ಬಲು ಚಿಕ್ಕ ಜೀವ ಇದು. ನಿನ್ನ ಮಡಿಲಲ್ಲಿ ಜಾಗ ಕೊಡು. ನೆಮ್ಮದಿಯಾಗಿ ಮಲಗಲಿ."